ಪುರಸಭೆ ಮಳಿಗೆಯ ಗುತ್ತಿಗೆ: ಹರಾಜಿನ ದರದಾಚೆಗಿನ ವೆಚ್ಚ ಮತ್ತು ನಾಗರಿಕರ ಹಕ್ಕು

ಪುರಸಭೆ, ನಗರಸಭೆ ಮತ್ತು ಗ್ರಾಮ ಪಂಚಾಯಿತಿಗಳು ಬಸ್ ನಿಲ್ದಾಣದ ಪಕ್ಕದಲ್ಲಿ ಅಥವಾ ಸಂತೆ ಮೈದಾನದ ಅಂಚಿನಲ್ಲಿ ಕಟ್ಟಿಸಿ ಬಾಡಿಗೆಗೆ ಕೊಡುವ ಮಳಿಗೆಗಳು ಊರಿನ ಸಾರ್ವಜನಿಕ ಆಸ್ತಿ. ಆದ್ದರಿಂದ ಹರಾಜಿನಲ್ಲಿ ಕೂಗಿದ ಬಾಡಿಗೆಯ ಬೆನ್ನಿಗೆ ಬರುವ ಹೊರೆಗಳು ಯಾವುವು, ಆ ಬಾಡಿಗೆ ನಿಜವಾಗಿಯೂ ಸಂಸ್ಥೆಯ ಖಜಾನೆ ಸೇರುತ್ತಿದೆಯೇ ಎಂಬ ಪ್ರಶ್ನೆಗಳು ಮಳಿಗೆ ಹಿಡಿಯುವ ವ್ಯಾಪಾರಿಗೆ ಎಷ್ಟು ಮುಖ್ಯವೋ ತೆರಿಗೆ ಕಟ್ಟುವ ನಿವಾಸಿಗೂ ಅಷ್ಟೇ ಮುಖ್ಯ. ಎರಡಕ್ಕೂ ಉತ್ತರ ಕಚೇರಿಯ ಕಡತದಲ್ಲಿರುತ್ತದೆ. ಆ ಕಡತವನ್ನು ತೆರೆಸುವ ಹಕ್ಕನ್ನು ಕಾನೂನು ಇಬ್ಬರಿಗೂ ಕೊಟ್ಟಿದೆ.

1882ರ ಸ್ವತ್ತು ಹಸ್ತಾಂತರ ಕಾಯ್ದೆಯ 105ನೇ ಪ್ರಕರಣದ ಪ್ರಕಾರ, ಸ್ಥಿರಾಸ್ತಿಯನ್ನು ನಿಗದಿತ ಅವಧಿಗೆ ಅನುಭವಿಸುವ ಹಕ್ಕನ್ನು ಪ್ರತಿಫಲ ಪಡೆದು ವರ್ಗಾಯಿಸುವುದೇ ಗುತ್ತಿಗೆ. ಒಮ್ಮೆಗೇ ಕೊಡುವ ಮೊತ್ತವನ್ನು ಪ್ರೀಮಿಯಂ ಎಂದೂ ಕಾಲಕಾಲಕ್ಕೆ ಸಲ್ಲಿಸುವುದನ್ನು ಬಾಡಿಗೆ ಎಂದೂ ಕರೆಯಲಾಗುತ್ತದೆ. ಇದಕ್ಕಿಂತ ಭಿನ್ನವಾದದ್ದು ಪರವಾನಗಿ. ಅದು ಜಾಗವನ್ನು ಬಳಸಲು ಕೊಟ್ಟ ಅನುಮತಿ ಮಾತ್ರ. ಅದರಿಂದ ಆಸ್ತಿಯಲ್ಲಿ ಯಾವ ಹಿತಾಸಕ್ತಿಯೂ ಹುಟ್ಟುವುದಿಲ್ಲ. ಕರಾರು ಪತ್ರದ ಶೀರ್ಷಿಕೆ ಏನೇ ಇರಲಿ, ಒಳಗಿನ ಷರತ್ತುಗಳು ಯಾವುದನ್ನು ಕೊಡುತ್ತವೆ ಎಂಬುದನ್ನು ನ್ಯಾಯಾಲಯಗಳು ನೋಡುವುದರಿಂದ, ಸಹಿ ಹಾಕುವ ಮುನ್ನ ಆ ಷರತ್ತುಗಳನ್ನು ಪೂರ್ತಿ ಓದಬೇಕು.

ಬಾಡಿಗೆ ಏರಿಕೆಯ ಷರತ್ತು ಒಂದೇ ಸಾಲಿನದಾಗಿದ್ದರೂ ಅದರ ಪರಿಣಾಮ ದೊಡ್ಡದು. ತಿಂಗಳಿಗೆ 10,000 ರೂಪಾಯಿಗೆ ಕೂಗಿದ ಮಳಿಗೆಗೆ 12 ವರ್ಷದ ಅವಧಿಯೂ ವರ್ಷಕ್ಕೆ ಶೇ. 10ರ ಏರಿಕೆಯೂ ಇದೆಯೆಂದು ಇಟ್ಟುಕೊಂಡರೆ, ಏರಿಕೆ ಮೂಲ ಬಾಡಿಗೆಯ ಮೇಲೆ ಮಾತ್ರವಾದಲ್ಲಿ ಕೊನೆಯ ವರ್ಷದ ಮಾಸಿಕ ಬಾಡಿಗೆ 21,000 ರೂಪಾಯಿ ಆಗುತ್ತದೆ. ಹಿಂದಿನ ವರ್ಷದ ಬಾಡಿಗೆಯ ಮೇಲಾದಲ್ಲಿ ಅದೇ ಮಳಿಗೆಗೆ ಸುಮಾರು 28,500 ರೂಪಾಯಿ ಕಟ್ಟಬೇಕಾಗುತ್ತದೆ. ಇವೆರಡರಲ್ಲಿ ಯಾವುದು ಎಂಬುದನ್ನು ಹರಾಜು ಪ್ರಕಟಣೆಯಲ್ಲಿ ಬಿಡಿಸಿ ಹೇಳದೆ ಕರಾರಿನಲ್ಲಿ ಸೇರಿಸುವುದು ಬಿಡ್ಡುದಾರನಿಗೆ ಮಾಡುವ ಅನ್ಯಾಯ.

ವಾಣಿಜ್ಯ ಬಾಡಿಗೆಗೆ ಶೇ. 18ರ ಜಿಎಸ್‌ಟಿಯೂ ಸೇರುತ್ತದೆ. ಬಾಡಿಗೆದಾರ ಜಿಎಸ್‌ಟಿ ನೋಂದಣಿ ಹೊಂದಿದ್ದರೆ, ಸ್ಥಳೀಯ ಸಂಸ್ಥೆಯಿಂದ ಪಡೆದ ಮಳಿಗೆಯ ತೆರಿಗೆಯನ್ನು 2018ರ ಜನವರಿಯ ಅಧಿಸೂಚನೆಯಂತೆ ಅವನೇ ನೇರವಾಗಿ ಸರ್ಕಾರಕ್ಕೆ ಪಾವತಿಸಬೇಕು. ಇದನ್ನು ರಿವರ್ಸ್ ಚಾರ್ಜ್ ಎನ್ನುತ್ತಾರೆ. ಪುರಸಭೆಯ ರಸೀದಿಯಲ್ಲಿ ಈ ತೆರಿಗೆ ಕಾಣದ ಕಾರಣ ವ್ಯಾಪಾರಿಗೆ ಅದರ ಅರಿವಾಗುವುದು ಬಡ್ಡಿ ಸಮೇತ ನೋಟಿಸ್ ಬಂದಾಗ. ನೋಂದಣಿ ಇಲ್ಲದ ಸಣ್ಣ ವ್ಯಾಪಾರಿಗೆ ಸಂಸ್ಥೆಯೇ ಬಾಡಿಗೆಯೊಂದಿಗೆ ತೆರಿಗೆ ಸೇರಿಸಿ ವಸೂಲು ಮಾಡಿದರೆ ಆ ಮೊತ್ತವನ್ನು ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯುವ ದಾರಿ ಅವನಿಗಿಲ್ಲ. 10,000 ಎಂದು ಕೂಗಿದ ಬಾಡಿಗೆ ಮೊದಲ ತಿಂಗಳಿನಿಂದಲೇ 11,800 ಆಗುತ್ತದೆ.

ಇನ್ನುಳಿದದ್ದು ನೋಂದಣಿಯ ವೆಚ್ಚ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಮುದ್ರಾಂಕ ಶುಲ್ಕ ಉಳಿಸಲೆಂದು ಛಾಪಾ ಕಾಗದದ ಕರಾರಿಗಷ್ಟೇ ತೃಪ್ತಿಪಟ್ಟರೆ ದೀರ್ಘಾವಧಿಯ ಷರತ್ತನ್ನು ನ್ಯಾಯಾಲಯದಲ್ಲಿ ರುಜುವಾತು ಮಾಡುವುದು ಕಷ್ಟ. ಅಂಥ ಗುತ್ತಿಗೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆಯಾಗಿ ಪರಿಗಣಿತವಾಗಿ 15 ದಿನಗಳ ನೋಟಿಸ್‌ನಿಂದಲೇ ಕೊನೆಗೊಳ್ಳಬಹುದು. ಒಳಗಿನ ಕಪಾಟು, ವಿದ್ಯುತ್ ಕೆಲಸ, ಶಟರ್ ಎಂದು ಸಾಲ ಮಾಡಿ ಹಣ ಹಾಕಿದ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ನಷ್ಟವಿಲ್ಲ.

ಊರಿಗೆ ಆಗುವ ನಷ್ಟ ಬೇರೆಯೇ ಬಗೆಯದು, ಮತ್ತು ಅದು ಬಹುಮಟ್ಟಿಗೆ ಒಳಬಾಡಿಗೆಯಲ್ಲಿ ಅಡಗಿರುತ್ತದೆ. ಹಳೆಯ ದರದಲ್ಲಿ ಮಳಿಗೆ ಹಿಡಿದವನು ಪುರಸಭೆಗೆ ಅಲ್ಪ ಬಾಡಿಗೆ ಕಟ್ಟುತ್ತ, ಅದೇ ಜಾಗವನ್ನು ಗುಡ್‌ವಿಲ್ ಎಂಬ ಹೆಸರಿನ ಲೆಕ್ಕಕ್ಕೆ ಸಿಗದ ಹಣ ಪಡೆದು ಮೂರನೆಯವನಿಗೆ ಹೆಚ್ಚಿನ ಬಾಡಿಗೆಗೆ ಕೊಟ್ಟರೆ, ರಸ್ತೆ, ಚರಂಡಿ, ಕುಡಿಯುವ ನೀರಿಗೆ ಸಲ್ಲಬೇಕಾದ ವ್ಯತ್ಯಾಸ ಖಾಸಗಿ ಜೇಬು ಸೇರುತ್ತದೆ. ಅವಧಿ ಮುಗಿದರೂ ಮರುಹರಾಜು ನಡೆಸದೆ ಹಳಬರನ್ನೇ ಮುಂದುವರಿಸುವುದರ ಫಲವೂ ಇದೇ. ಒಳಬಾಡಿಗೆ ಹಿಡಿದ ಬಡ ವ್ಯಾಪಾರಿಗೆ ಪುರಸಭೆಯ ದಾಖಲೆಯಲ್ಲಿ ಹೆಸರಿಲ್ಲದ ಕಾರಣ ತೆರವಿನ ದಿನ ಯಾವ ರಕ್ಷಣೆಯೂ ಸಿಗುವುದಿಲ್ಲ.

ಸ್ಥಳೀಯ ಸಂಸ್ಥೆಯ ಸ್ವತ್ತನ್ನು ಗುತ್ತಿಗೆಗೆ ಕೊಡುವ ಅಧಿಕಾರವನ್ನೂ ಅದರ ಮಿತಿಗಳನ್ನೂ 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ 72ನೇ ಪ್ರಕರಣವೂ, ಮಹಾನಗರ ಪಾಲಿಕೆಗಳ ಮಟ್ಟಿಗೆ 1976ರ ಕಾಯ್ದೆಯ 176ನೇ ಪ್ರಕರಣವೂ ಹೇಳುತ್ತವೆ. ಮೀರತ್ ನಗರ ನಿಗಮದ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ಸಂಸ್ಥೆಗಳು ಇಂತಹ ಒಪ್ಪಂದಗಳನ್ನು ಸಾಮಾನ್ಯವಾಗಿ ಪ್ರಕಟಣೆ ಹೊರಡಿಸಿ ಬಹಿರಂಗ ಹರಾಜು ಅಥವಾ ಟೆಂಡರ್ ಮೂಲಕವೇ ಮಾಡಬೇಕೆಂದೂ, ಅದನ್ನು ಬಿಡುವುದಕ್ಕೆ ಅಪರೂಪದ, ವಿಶೇಷ ಕಾರಣ ಬೇಕೆಂದೂ ಸ್ಪಷ್ಟಪಡಿಸಿದೆ.

ಈ ನಿಯಮ ಪಾಲನೆಯಾಗಿದೆಯೇ ಎಂದು ಪರಿಶೀಲಿಸುವ ಸಾಧನ 2005ರ ಮಾಹಿತಿ ಹಕ್ಕು ಕಾಯ್ದೆ. ಅದರ 4ನೇ ಪ್ರಕರಣದಂತೆ ಸಂಸ್ಥೆ ತಾನು ಕೊಟ್ಟ ರಿಯಾಯಿತಿ, ಪರವಾನಗಿ ಮತ್ತು ಅನುಮತಿಗಳನ್ನು ಪಡೆದವರ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಕರ್ನಾಟಕದ ನಿಯಮಗಳಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು ಸಾಮಾನ್ಯವಾಗಿ 150 ಪದ ಮೀರಬಾರದು. ಆದ್ದರಿಂದ “ಮಳಿಗೆಗಳ ಎಲ್ಲ ಮಾಹಿತಿ” ಎಂದು ಕೇಳುವ ಬದಲು ಮಳಿಗೆ ಸಂಖ್ಯೆಯನ್ನು ನಮೂದಿಸಿ, ಹರಾಜು ಪ್ರಕಟಣೆ, ಬಿಡ್ಡುದಾರರ ಪಟ್ಟಿ, ಕೌನ್ಸಿಲ್ ನಿರ್ಣಯ, ಕರಾರು ಪತ್ರ ಮತ್ತು ಆ ಮಳಿಗೆಯ ಬೇಡಿಕೆ, ವಸೂಲಿ, ಬಾಕಿಯ ವಿವರ ಇವುಗಳ ದೃಢೀಕೃತ ನಕಲು ಕೇಳುವುದು ಫಲಕಾರಿ. ನಕಲಿಗೆ ಮುನ್ನ ಕಡತವನ್ನು ಖುದ್ದು ಪರಿಶೀಲಿಸುವ ಅವಕಾಶವೂ ಉಂಟು. ಕೌನ್ಸಿಲ್ ನಿರ್ಣಯದ ದಿನಾಂಕವನ್ನು ಪ್ರಕಟಣೆಯ ದಿನಾಂಕದೊಂದಿಗೆ ಹೋಲಿಸಿದರೆ ಎಷ್ಟೋ ಸಂಗತಿ ತಾನಾಗಿಯೇ ತಿಳಿಯುತ್ತದೆ.

ಉತ್ತರಕ್ಕೆ 30 ದಿನಗಳ ಗಡುವಿದೆ. ವಾಣಿಜ್ಯ ಗೌಪ್ಯತೆ ಅಥವಾ ವೈಯಕ್ತಿಕ ಮಾಹಿತಿ ಎಂಬ ಕಾರಣ ನೀಡಿ ನಿರಾಕರಿಸಿದರೆ, ಸಾರ್ವಜನಿಕ ಹಿತ ಮೇಲುಗೈ ಪಡೆದಲ್ಲಿ ಮಾಹಿತಿ ಕೊಡಬಹುದೆನ್ನುವ 8(2)ನೇ ಪ್ರಕರಣವನ್ನೂ, ಗೌಪ್ಯ ಭಾಗವನ್ನು ಬೇರ್ಪಡಿಸಿ ಉಳಿದದ್ದನ್ನು ಕೊಡಬೇಕೆನ್ನುವ 10ನೇ ಪ್ರಕರಣವನ್ನೂ ಉಲ್ಲೇಖಿಸಿ 30 ದಿನಗಳೊಳಗೆ ಮೊದಲ ಮೇಲ್ಮನವಿ, ಅದರಲ್ಲೂ ನ್ಯಾಯ ಸಿಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬೇಕು. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ವಿಧಿಸುವ ಅಧಿಕಾರ ಆಯೋಗಕ್ಕಿದೆ. ದಾಖಲೆಗಳಲ್ಲಿ ಅಕ್ರಮ ಕಂಡುಬಂದರೆ ಅವುಗಳ ನಕಲಿನೊಂದಿಗೆ ಲೋಕಾಯುಕ್ತಕ್ಕೆ ದೂರು ನೀಡಬಹುದು. ಗ್ರಾಮ ಪಂಚಾಯಿತಿಯ ಮಳಿಗೆಯಾದರೆ ಗ್ರಾಮಸಭೆಯಲ್ಲಿ ಮತ್ತು ವಾರ್ಷಿಕ ಜಮಾಬಂದಿಯಲ್ಲಿ ಬಾಡಿಗೆ ಬಾಕಿಯ ಲೆಕ್ಕ ಕೇಳಬಹುದು.

ಬಾಡಿಗೆದಾರನನ್ನು ತೆರವುಗೊಳಿಸುವಾಗಲೂ 1974ರ ಕರ್ನಾಟಕ ಸಾರ್ವಜನಿಕ ಆವರಣಗಳ ಕಾಯ್ದೆಯಂತೆ ಮೊದಲು ಕಾರಣ ಕೇಳುವ ನೋಟಿಸ್ ಕೊಟ್ಟು, ಅವನ ಉತ್ತರ ಆಲಿಸಿ, ನಂತರವೇ ಲಿಖಿತ ಆದೇಶ ಹೊರಡಿಸಬೇಕಾಗುತ್ತದೆ. ಪ್ರತಿ ತಿಂಗಳ ಬಾಡಿಗೆ ರಸೀದಿ, ಠೇವಣಿಯ ಚಲನ್ ಮತ್ತು ನೋಂದಾಯಿತ ಕರಾರಿನ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದರೆ ಆ ಉತ್ತರದಲ್ಲೂ, ಆದೇಶದ ವಿರುದ್ಧ ಹೂಡುವ ಮೇಲ್ಮನವಿಯಲ್ಲೂ ಅವೇ ಅವನ ಪಾಲಿನ ಸಾಕ್ಷ್ಯವಾಗುತ್ತವೆ.