ಐದು ಬಾಕ್ಸ್ ಸದ್ದು ಮಾಡಿದ ಮಾತ್ರಕ್ಕೆ

ಅಳಿಯಾ, ಕಂಪ್ಯೂಟರಿಗೆ ಹಳೇ ಆಂಪ್ಲಿಫೈಯರನ್ನು ಆಪ್ಟಿಕಲ್ ಕೇಬಲ್ಲಿನಲ್ಲಿ ಜೋಡಿಸಿದೆ, ಐದೂ ಬಾಕ್ಸಿನಲ್ಲಿ ಸದ್ದು ಬರ್ತಿದೆ, ಸರೌಂಡ್ ಬಂತು ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅಷ್ಟಕ್ಕೇ ನಾನು ಒಪ್ಪುವವನಲ್ಲ. ಆಂಪ್ಲಿಫೈಯರಿನ ಮುಖದ ಮೇಲೆ ಏನೆಂದು ಬರುತ್ತದೆ, ಅದನ್ನು ಮೊದಲು ಹೇಳು. ‘ಡಾಲ್ಬಿ ಡಿಜಿಟಲ್’ ಎಂದೋ ‘ಡಿಟಿಎಸ್’ ಎಂದೋ ಬಂದರೆ ಸರಿ. ‘ಪಿಸಿಎಂ’ ಅಥವಾ ‘ಪ್ರೊ ಲಾಜಿಕ್’ ಎಂದು ಬಂದರೆ ನಿನ್ನ ಕಂಪ್ಯೂಟರ್ ಕಳಿಸುತ್ತಿರುವುದು ಎಡ, ಬಲ ಎರಡೇ. ಆ ಎರಡನ್ನು ಊಹೆಯ ಮೇಲೆ ಐದಕ್ಕೆ ಹಂಚಿ ನಿನ್ನನ್ನು ಖುಷಿಪಡಿಸುತ್ತಿರುವುದು ಆಂಪ್ಲಿಫೈಯರು.

ಕೊಪ್ಪದ ಪೇಟೆಯಲ್ಲಿ ರೇಡಿಯೊ ರಿಪೇರಿ ಮಾಡಿಕೊಂಡು, ಮದುವೆಮನೆ, ತಾಳಮದ್ದಲೆಗಳಿಗೆ ಮೈಕ್‌ಸೆಟ್ ಕಟ್ಟಿಕೊಂಡೇ ತಲೆ ನರೆತವನು ನಾನು. ಸದ್ದಿನ ವಿಷಯದಲ್ಲಿ ಜನ ಎಷ್ಟು ಬೇಗ ಮರುಳಾಗುತ್ತಾರೆ ಎಂದು ಚೆನ್ನಾಗಿ ನೋಡಿದ್ದೇನೆ. ಹಿಂದಿನ ಬಾಕ್ಸಿನಿಂದ ಏನೋ ಒಂದು ಕೇಳಿದರೆ ಸಾಕು, ತೃಪ್ತಿ. ನಿನಗೆ ಅಷ್ಟು ಸಾಕು ಎನ್ನುವುದಾದರೆ ಮುಂದೆ ಓದಬೇಕಾಗಿಲ್ಲ. ಸಾಲದು ಎಂದರೆ ಆ ಕೇಬಲ್ಲಿನೊಳಗೆ ಏನು ಹೋಗುತ್ತದೆ, ಏನು ಹೋಗುವುದಿಲ್ಲ ಎಂಬುದನ್ನು ಮೊದಲು ತಿಳಿದುಕೋ. ಸೆಟ್ಟಿಂಗ್ ಆಮೇಲೆ.

ತುದಿಯಲ್ಲಿ ಕೆಂಪು ಬೆಳಕು ಕಾಣುವ ಆ ಆಪ್ಟಿಕಲ್ ಕೇಬಲ್ಲನ್ನು ತೋಶಿಬಾದವರು 1983ರಲ್ಲಿ ತಮ್ಮ ಸಿಡಿ ಪ್ಲೇಯರುಗಳಿಗೆಂದು ತಂದರು. ಅದರೊಳಗೆ ಸದ್ದಿನ ಲೆಕ್ಕ ಹೇಗೆ ಹರಿಯಬೇಕು ಎಂಬ ಕ್ರಮ ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ್ದು. ಎಸ್‌ಪಿಡಿಐಎಫ್ ಎಂದು ಕಂಪ್ಯೂಟರಿನ ಹಿಂದೆ ಬರೆದಿರುವುದು ಅದನ್ನೇ. ಸಿಡಿಗೆ ಬೇಕಾದದ್ದು ಎರಡೇ ಚಾನೆಲ್ ಆದ್ದರಿಂದ ಆ ಕ್ರಮದಲ್ಲಿ ಜಾಗ ಇಟ್ಟದ್ದೂ ಎರಡಕ್ಕೇ. ನೀನೇ ಲೆಕ್ಕ ಹಾಕು: ಸೆಕೆಂಡಿಗೆ 48,000 ಅಳತೆ, ಅಳತೆಗೆ 16 ಬಿಟ್, ಎರಡು ಚಾನೆಲ್ಲಿಗೆ ಒಟ್ಟು 15,36,000 ಬಿಟ್. ಐದು ಬಾಕ್ಸು, ಒಂದು ವೂಫರ್ ಸೇರಿ ಆರು ಚಾನೆಲ್ ಎಂದರೆ 46 ಲಕ್ಷ ದಾಟಿತು. ಹೇಗೆ ತುರುಕಿದರೂ ಹಿಡಿಸುವುದಿಲ್ಲ.

ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ರೈಲು ಓಡುತ್ತಿತ್ತು. ಆ ಹಳಿಯ ಮೇಲೆ ದೊಡ್ಡ ರೈಲಿನ ಡಬ್ಬಿ ಬರುವ ಹಾಗಿರಲಿಲ್ಲ. ಸಾಮಾನು ಸಾಗಬೇಕಾದರೆ ಪುಟ್ಟ ಡಬ್ಬಿಗೆ ಹಿಡಿಸುವಂತೆ ಕಟ್ಟಿಯೇ ಕಳಿಸಬೇಕು. ಡಾಲ್ಬಿಯವರು ಮಾಡಿದ್ದೂ ಅದೇ. ಕಿವಿಗೆ ಹೇಗೂ ಕೇಳಿಸದ್ದನ್ನು ಬಿಟ್ಟು, ಉಳಿದದ್ದನ್ನು ಒತ್ತಿ, ಆರೂ ಚಾನೆಲ್ಲನ್ನು ಡಿವಿಡಿಯಲ್ಲಿ 4,48,000 ಬಿಟ್ಟಿನೊಳಗೆ ಮಡಚಿಟ್ಟರು. ಅದು ಎರಡು ಚಾನೆಲ್ಲಿನ ಜಾಗದಲ್ಲಿ ಆರಾಮಾಗಿ ಕೂರುತ್ತದೆ. ಈ ವಿದ್ಯೆ ಚಿತ್ರಮಂದಿರಕ್ಕೆ ಬಂದದ್ದು 1992ರಲ್ಲಿ, ‘ಬ್ಯಾಟ್‌ಮನ್ ರಿಟರ್ನ್ಸ್’ ಜೊತೆ. ಮರುವರ್ಷ ‘ಜುರಾಸಿಕ್ ಪಾರ್ಕ್’ ಜೊತೆ ಡಿಟಿಎಸ್ ಬಂತು. ಅದರಲ್ಲಿ ಸದ್ದು ಫಿಲ್ಮ್ ರೀಲಿನಲ್ಲೇ ಇರುತ್ತಿರಲಿಲ್ಲ, ಬೇರೆ ಸಿಡಿಯಲ್ಲಿ ಬರುತ್ತಿತ್ತು. ರೀಲಿನ ಅಂಚಿನ ಗುರುತು ನೋಡಿಕೊಂಡು ಸಿಡಿ ಓಡುತ್ತಿತ್ತು. ಟಾಕೀಸಿನ ಬೋರ್ಡಿನ ಮೇಲೆ ನಟರ ಹೆಸರಿಗಿಂತ ದೊಡ್ಡದಾಗಿ ಡಿಟಿಎಸ್ ಎಂದು ಬರೆಸಿದ ಕಾಲ ನಿನಗೆ ನೆನಪಿರಲಿಕ್ಕಿಲ್ಲ.

ಹೀಗಾಗಿ ಸಿನಿಮಾದಲ್ಲಿ ಮಡಚುವ ಕೆಲಸ ಮೊದಲೇ ಆಗಿರುತ್ತದೆ. ಕಂಪ್ಯೂಟರ್ ಅದನ್ನು ಬಿಚ್ಚದೆ ಆಚೆ ದಾಟಿಸಿದರೆ ಆಯಿತು. ಪಾಸ್‌ಥ್ರೂ ಅನ್ನುವುದು ಇದನ್ನೇ. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಆರಿಸಿ, ಅದರ ಪ್ರಾಪರ್ಟೀಸಿನಲ್ಲಿ ಡಾಲ್ಬಿ ಡಿಜಿಟಲ್, ಡಿಟಿಎಸ್ ಎರಡಕ್ಕೂ ಗುರುತು ಹಾಕು. ಪಕ್ಕದ ಪುಟದಲ್ಲಿ ‘2 ಚಾನೆಲ್, 16 ಬಿಟ್’ ಎಂದಷ್ಟೇ ಕಾಣುತ್ತದೆ, ಆರು ಚಾನೆಲ್ ಎಲ್ಲಿ ಎಂದು ಹುಡುಕಬೇಡ, ಅದು ಅಲ್ಲಿ ಬರುವುದಿಲ್ಲ. ಆಮೇಲೆ ವಿಎಲ್‌ಸಿ ಇರಲಿ, ಕೋಡಿ ಇರಲಿ, ಅದರ ಆಡಿಯೊ ಸೆಟ್ಟಿಂಗಿನಲ್ಲೂ ಪಾಸ್‌ಥ್ರೂ ಆನ್ ಮಾಡಬೇಕು. ಒಂದು ಕಡೆ ಮಾಡಿ ಇನ್ನೊಂದು ಕಡೆ ಬಿಟ್ಟರೆ ಮತ್ತೆ ಎರಡೇ ಚಾನೆಲ್.

ಸರಿಯಾಗಿದೆಯೋ ಎಂದು ನೋಡಲು ಇನ್ನೊಂದು ಉಪಾಯ ಇದೆ. ಸಿನಿಮಾ ಓಡುತ್ತಿರುವಾಗ ಕಂಪ್ಯೂಟರಿನ ವಾಲ್ಯೂಮ್ ಪೂರ್ತಿ ಇಳಿಸು. ಸದ್ದು ಒಂದಿಷ್ಟೂ ಕಡಿಮೆಯಾಗದಿದ್ದರೆ ಮಡಚಿದ್ದು ಮಡಚಿದಂತೆಯೇ ಹೋಗುತ್ತಿದೆ ಎಂದರ್ಥ. ಕಂಪ್ಯೂಟರ್ ಕೆಟ್ಟಿತು ಎಂದು ಗಾಬರಿ ಬೀಳಬೇಡ. ಗಂಟು ಬಿಚ್ಚದೆ ಅದು ಸದ್ದನ್ನು ಏರಿಸಲಾರದು, ಇಳಿಸಲಾರದು. ಆಂಪ್ಲಿಫೈಯರಿನ ರಿಮೋಟೇ ಗತಿ. ಆ ಹೊತ್ತಿನಲ್ಲಿ ವಾಟ್ಸಾಪಿನ ‘ಟಿಂಗ್’ ಕೂಡ ಕೇಳುವುದಿಲ್ಲ. ಅದನ್ನು ನಾನಂತೂ ಲಾಭ ಎಂದೇ ಲೆಕ್ಕ ಹಾಕುತ್ತೇನೆ.

ಆಟದ ಕಥೆ ಬೇರೆ. ಗೇಮಿನಲ್ಲಿ ಗುಂಡು ಯಾವ ಕಡೆಯಿಂದ ಹಾರುತ್ತದೆ ಎಂದು ಮೊದಲೇ ಗೊತ್ತಿರುವುದಿಲ್ಲವಲ್ಲ, ಸದ್ದು ಆ ಕ್ಷಣಕ್ಕೇ ಹುಟ್ಟಬೇಕು, ಆ ಕ್ಷಣಕ್ಕೇ ಮಡಚಬೇಕು. 2001ರಲ್ಲಿ ಎನ್‌ವಿಡಿಯಾದವರು ಎನ್‌ಫೋರ್ಸ್ ಬೋರ್ಡಿನಲ್ಲಿ ಇದನ್ನು ಮಾಡಿ ತೋರಿಸಿದರು. ಆಮೇಲೆ ಬಂದವು ‘ಡಾಲ್ಬಿ ಡಿಜಿಟಲ್ ಲೈವ್’, ‘ಡಿಟಿಎಸ್ ಕನೆಕ್ಟ್’. ಬೋರ್ಡ್ ಮಾಡಿದವರು ಲೈಸೆನ್ಸಿಗೆ ದುಡ್ಡು ಕಟ್ಟಿದ್ದರೆ ಮಾತ್ರ ನಿನ್ನ ಡ್ರೈವರಿನಲ್ಲಿ ಆ ಹೆಸರು ಕಾಣುತ್ತದೆ. ಲಿನಕ್ಸಿನವರಿಗೆ ಈ ತಂಟೆ ಇಲ್ಲ. ಅಲ್ಲಿನ ಸದ್ದಿನ ವ್ಯವಸ್ಥೆ ಅಲ್ಸಾದ ‘ಎ52’ ಪ್ಲಗಿನ್ ಹಾಕಿಕೊಂಡರೆ ಎಲ್ಲ ಸದ್ದನ್ನೂ ಅದೇ ಮಡಚಿ ಕಳಿಸುತ್ತದೆ, ಪುಕ್ಕಟೆ.

ಒಟಿಟಿ ನೆಚ್ಚಿಕೊಂಡಿದ್ದರೆ ಸ್ವಲ್ಪ ನಿರಾಸೆಗೆ ತಯಾರಾಗಿರು. ಬ್ರೌಸರಿನಲ್ಲಿ ನೋಡಿದರೆ ಬಹುಪಾಲು ಎರಡೇ ಚಾನೆಲ್ ಬರುತ್ತದೆ. ಆ್ಯಪಿನಲ್ಲಿ ಬರುವ ‘ಡಾಲ್ಬಿ ಡಿಜಿಟಲ್ ಪ್ಲಸ್’ ನಿನ್ನ ಆಪ್ಟಿಕಲ್ ದಾರಿಗೆ ಒಗ್ಗುವುದಿಲ್ಲ, ತಲೆಯ ಮೇಲಿನಿಂದಲೂ ಸದ್ದು ತರುವ ಅಟ್ಮಾಸ್ ಅಂತೂ ಇಲ್ಲವೇ ಇಲ್ಲ. 2022ರಲ್ಲಿ ‘ಕಾಂತಾರ’ ನೋಡಿ ಬಂದು, ಆ ಕೂಗು ತಲೆಯ ಮೇಲಿಂದ ಸುತ್ತಿ ಬಂತು ಮಾವ ಅಂದಿದ್ದೆ. ಆ ತಲೆಯ ಮೇಲಿನದು ಈ ಕೇಬಲ್ಲಿನಲ್ಲಿ ಬರದು. ಸುತ್ತಲಿನ ಐದು ಬಂದರೆ ಅದೇ ಇದರ ಮಿತಿ.

ಇಷ್ಟೆಲ್ಲ ಮಿತಿ ಹೇಳಿಯೂ ನಮ್ಮ ಸೀಮೆಗೆ ಆಪ್ಟಿಕಲ್ಲೇ ವಾಸಿ ಎನ್ನುತ್ತೇನೆ, ಕಾರಣ ಇದೆ. ಇದೇ ಸದ್ದನ್ನು ತಾಮ್ರದ ಕೋಆ್ಯಕ್ಸಿಯಲ್ ವಯರಿನಲ್ಲೂ ಕಳಿಸಬಹುದು. ಆದರೆ ಕಂಪ್ಯೂಟರ್ ಇನ್ವರ್ಟರಿನ ಲೈನಿನಲ್ಲಿ, ಆಂಪ್ಲಿಫೈಯರ್ ಬೇರೆ ಪಾಯಿಂಟಿನಲ್ಲಿ, ಅದಕ್ಕೆ ಡಿಶ್ಶಿನ ವಯರ್ ಬೇರೆ. ಎರಡು ಕಡೆಯ ಅರ್ತ್ ತಾಮ್ರದ ವಯರಿನಲ್ಲಿ ಒಂದಾದರೆ ಬಾಕ್ಸಿನಲ್ಲಿ ‘ಗುಂಯ್’ ಶುರು. ಹಳೇ ಮನೆಗಳಲ್ಲಿ ಅರ್ತಿಂಗ್ ಹೇಗಿದೆ ಎಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಆಪ್ಟಿಕಲ್ಲಿನಲ್ಲಿ ಹೋಗುವುದು ಬರೀ ಬೆಳಕು, ಕೇಬಲ್ ಪ್ಲಾಸ್ಟಿಕ್ಕಿನದು. ಗುಂಯ್ ಅನ್ನುವ ಪ್ರಶ್ನೆಯೇ ಇಲ್ಲ.

ಸಿಡಿಲಿನ ವಿಷಯವೂ ಅಷ್ಟೇ. ಅಶ್ವಿನಿ, ಭರಣಿ ಮಳೆ ಬಿದ್ದ ಮರುದಿನ ನನ್ನ ಅಂಗಡಿ ಜಗಲಿಯಲ್ಲಿ ಟಿವಿ, ಮೋಡೆಮ್‌ಗಳ ಸಾಲು ನೀನೇ ನೋಡಿದ್ದೀಯ. ಫೋನ್ ಲೈನಿನಲ್ಲಿ ಬಂದದ್ದು ಕಂಪ್ಯೂಟರಿಗೆ, ಅಲ್ಲಿಂದ ತಾಮ್ರದ ವಯರ್ ಹಿಡಿದು ಆಂಪ್ಲಿಫೈಯರಿಗೆ. ಆಪ್ಟಿಕಲ್ ಇದ್ದರೆ ಆ ದಾರಿ ಕಡಿದಂತೆ. ಹಾಗೆಂದು ಮೈಮರೆಯಬೇಡ, ಕರೆಂಟಿನ ದಾರಿ ತೆರೆದೇ ಇರುತ್ತದೆ. ಮೇಲ್ಗಡೆ ಮಿಂಚು ಕಂಡ ಕೂಡಲೇ ಪ್ಲಗ್ ಕಿತ್ತಿಡು. ಸ್ವಿಚ್ ಆಫ್ ಮಾಡಿದೆ ಅನ್ನುವುದು ಸಿಡಿಲಿಗೆ ಲೆಕ್ಕಕ್ಕಿಲ್ಲ.

ಕೇಬಲ್ಲಿನ ತುದಿಗೆ ಚಿಕ್ಕ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ. ಹುಡುಗರು ಅದನ್ನು ಮೊದಲ ದಿನವೇ ಎಸೆದುಬಿಡುತ್ತಾರೆ. ಎತ್ತಿಡು. ಮಳೆಗಾಲದಲ್ಲಿ ಪುಸ್ತಕ, ಬೆಲ್ಟು, ಚಪ್ಪಲಿ ಎಲ್ಲಕ್ಕೂ ಬೂಷ್ಟು ಹಿಡಿಯುವ ನಮ್ಮ ಕಡೆ, ಬಿಚ್ಚಿಟ್ಟ ತುದಿಯ ಮೇಲೆ ಮಬ್ಬು ಕೂರಲು ಬಹಳ ದಿನ ಬೇಡ. ಮಬ್ಬಾದರೆ ಸದ್ದು ಮಧ್ಯೆ ಮಧ್ಯೆ ಕಡಿದು ಬರುತ್ತದೆ, ನೀನು ಸೆಟ್ಟಿಂಗ್ ಕೆದಕುತ್ತಾ ಕೂರುತ್ತೀಯ. ಖಾಲಿ ತೂತು ಕಂಡರೆ ಕುಂಬಾರ ಹುಳ ಮಣ್ಣು ತಂದು ತುಂಬುತ್ತದೆ, ಆಂಪ್ಲಿಫೈಯರಿನ ಹಿಂದೆಯೂ ಬಿಡುವುದಿಲ್ಲ. ಒಣ ಹತ್ತಿ ಬಟ್ಟೆಯಿಂದ ಮೆಲ್ಲಗೆ ಒರೆಸು, ಉಗುರು ತಾಗಿಸಬೇಡ. ಕೇಬಲ್ಲನ್ನು ಗೋಡೆಯ ಮೂಲೆಯಲ್ಲಿ ಚೂಪಾಗಿ ಮಡಿಸಬೇಡ. ಐದು ಮೀಟರಿಗಿಂತ ಉದ್ದ ಬೇಕೆನಿಸಿದರೆ ಆಂಪ್ಲಿಫೈಯರನ್ನೇ ಹತ್ತಿರ ತಂದಿಡು. ಹಿಂದಿನ ಬಾಕ್ಸುಗಳ ವಯರನ್ನು ಅಟ್ಟದ ಮೇಲೆ ಬರಿದೇ ಎಳೆಯಬೇಡ, ಇಲಿಗಳಿಗೆ ಅದು ಹಬ್ಬ. ಪೈಪಿನೊಳಗೆ ಹಾಕು.

ಬಾಕ್ಸ್ ಇಡುವುದರಲ್ಲಿ ನಮ್ಮ ಮನೆಗಳಿಗೆ ಒಂದು ತೊಡಕಿದೆ. ಜಗಲಿ ಉದ್ದ, ಅಗಲ ಕಡಿಮೆ. ಕುರ್ಚಿಯನ್ನು ಗೋಡೆಗೆ ಒರಗಿಸಿಯೇ ಹಾಕುತ್ತೇವೆ. ಹಾಗೆ ಹಾಕಿ ಹಿಂದಿನ ಬಾಕ್ಸನ್ನು ತಲೆಯ ಹಿಂದೆಯೇ ನೇತುಹಾಕಿದರೆ ಅದೊಂದೇ ಕಿವಿಗೆ ಬಡಿಯುತ್ತದೆ. ಅವು ನಿಜವಾಗಿ ಇರಬೇಕಾದ ಜಾಗ ನಿನ್ನ ಎರಡು ಪಕ್ಕ, ಕಿವಿಗಿಂತ ತುಸು ಹಿಂದೆ, ಕಿವಿಗಿಂತ ತುಸು ಮೇಲೆ. ಕುರ್ಚಿಯನ್ನು ಒಂದು ಮಾರು ಮುಂದೆ ಎಳೆದುಕೋ. ಯಾವ ಬಾಕ್ಸ್ ಎಷ್ಟು ದೂರ ಎಂದು ಟೇಪು ಹಿಡಿದು ಅಳೆದು ಆಂಪ್ಲಿಫೈಯರಿಗೆ ತುಂಬು. ಒಂದು ಮೀಟರ್ ದಾಟಲು ಸದ್ದಿಗೆ ಹೆಚ್ಚುಕಡಿಮೆ 3 ಮಿಲಿಸೆಕೆಂಡ್ ಬೇಕು, ಆ ವ್ಯತ್ಯಾಸವನ್ನು ಅದು ತಾನೇ ಸರಿತೂಗಿಸುತ್ತದೆ. ವೂಫರಿಗೆ 120 ಹರ್ಟ್ಸಿನ ಒಳಗಿನ ಗುಡುಗು ಮಾತ್ರ ಕೊಡು, ಮಾತು ಅಲ್ಲಿಂದ ಬರಬಾರದು. ಆಷಾಢದ ಮಳೆ ತಗಡಿನ ಮೇಲೆ ಹೊಯ್ಯುವಾಗ ಮಾತ್ರ ಯಾವ ಸರೌಂಡೂ ನಿಲ್ಲುವುದಿಲ್ಲ. ಮಾತು ಬರುವ ನಡುವಿನ ಬಾಕ್ಸನ್ನು ಒಂದಿಷ್ಟು ಏರಿಸಿ, ‘ನೈಟ್ ಮೋಡ್’ ಹಾಕಿ ನೋಡು. ಅದೂ ಸಾಲದಿದ್ದರೆ ಕಿಗ್ಗದ ಋಷ್ಯಶೃಂಗನಿಗೆ ಹೇಳಿಕೊಳ್ಳಬೇಕು. ಮಳೆ ತರಿಸುವುದಕ್ಕೂ ನಿಲ್ಲಿಸುವುದಕ್ಕೂ ನಮಗೆ ಅವನೇ.

ಮತ್ತೊಂದು ಮಾತು. ಎಲ್ಲವನ್ನೂ ಐದರಲ್ಲಿ ಕೇಳುವ ಹಟ ಬೇಡ. ‘ಬಂಗಾರದ ಮನುಷ್ಯ’ 1972ರದು, ‘ಗಂಧದ ಗುಡಿ’ 1973ರದು. ಎಲ್ಲ ಸದ್ದೂ ಒಂದೇ ಕಡೆಯಿಂದ ಬರುತ್ತಿದ್ದ ಕಾಲದವು. ಅವನ್ನು ಸುತ್ತಮುತ್ತ ಹರಡಿದರೆ ಹಾಡಿನ ಗತ್ತು ಹೋಗುತ್ತದೆ. ತಾಳಮದ್ದಲೆಯ ರೆಕಾರ್ಡಿಂಗ್ ಹಾಕಿದಾಗಲೂ ಪ್ರೊ ಲಾಜಿಕ್ ತೆಗೆದು ‘ಸ್ಟೀರಿಯೊ’ ಎಂದಿಡು. ಭಾಗವತರು ಎದುರಿಗೇ ಇರಲಿ. ಮದ್ದಲೆ ಬೆನ್ನ ಹಿಂದೆ ಕೇಳಿದರೆ ನಿನ್ನ ಅಜ್ಜಿ ಟಿವಿ ಹಾಳಾಯಿತು ಎಂದು ಎದ್ದು ಹೋಗುತ್ತಾಳೆ, ಅದೂ ನ್ಯಾಯವೇ.

ನರಸಿಂಹರಾಜಪುರದಲ್ಲಿ ನಿನ್ನ ಅಕ್ಕನ ಮನೆಯಲ್ಲಿ ಕಂಪ್ಯೂಟರನ್ನು ಟಿವಿಗೆ ಸಿಕ್ಕಿಸಿ, ಟಿವಿಯ ಆಪ್ಟಿಕಲ್ಲಿನಿಂದ ಸೌಂಡ್‌ಬಾರಿಗೆ ಕೊಟ್ಟಿದ್ದಾರಂತೆ. ಎಷ್ಟೋ ಟಿವಿಗಳು ಹೊರಗಿನಿಂದ ಬಂದ ಸದ್ದನ್ನು ಎರಡು ಚಾನೆಲ್ಲಿಗೆ ಇಳಿಸಿಯೇ ಆಪ್ಟಿಕಲ್ಲಿಗೆ ಬಿಡುತ್ತವೆ. ಕಂಪ್ಯೂಟರಿನಿಂದ ನೇರ ಸೌಂಡ್‌ಬಾರಿಗೇ ಕೊಡಲು ಹೇಳು. ಅವರ ಲ್ಯಾಪ್‌ಟಾಪಿನಲ್ಲಿ ಆಪ್ಟಿಕಲ್ ತೂತೇ ಇರಲಿಕ್ಕಿಲ್ಲ. ಆ್ಯಪಲ್‌ನವರು ಕೂಡ 2016ರ ಮ್ಯಾಕ್‌ಬುಕ್ ಪ್ರೋದಿಂದ ಅದನ್ನು ತೆಗೆದರು. ಆಪ್ಟಿಕಲ್ ಔಟ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತದೆ. ಕೊಳ್ಳುವಾಗ ಪಾಸ್‌ಥ್ರೂ ಆಗುತ್ತದೆಯೋ ಎಂದು ಕೇಳಿಯೇ ಕೊಳ್ಳಲಿ.

ಶೃಂಗೇರಿಯ ನಿನ್ನ ಗೆಳೆಯ ತಾನೂ ಒಂದು ಸೆಟ್ ತರುತ್ತೇನೆ ಅಂದನಲ್ಲ, ಅವನು ಹೊಸದು ಕೊಳ್ಳುವುದಾದರೆ ಈ ಆಪ್ಟಿಕಲ್ ಪುರಾಣವೇ ಅವನಿಗೆ ಬೇಡ. ಎಚ್‌ಡಿಎಂಐ ಇರುವ ಆಂಪ್ಲಿಫೈಯರ್ ತರಲಿ. ಅದರಲ್ಲಿ ಎಂಟು ಚಾನೆಲ್ ಮಡಚದೆಯೇ ಹೋಗುತ್ತದೆ, ಆಟಕ್ಕೂ ಸಿನಿಮಾಕ್ಕೂ ಬೇರೆ ಬೇರೆ ಕಸರತ್ತು ಬೇಕಾಗುವುದಿಲ್ಲ. ಆದರೆ ಅದು ತಾಮ್ರ, ಸಿಡಿಲಿನ ಹೊತ್ತಿಗೆ ಅದನ್ನೂ ಕಿತ್ತಿಡಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೆಯದನ್ನೇ ನೋಡುವುದಾದರೆ, ದುಡ್ಡು ಎಣಿಸುವ ಮುಂಚೆ ಲ್ಯಾಪ್‌ಟಾಪಿನಲ್ಲಿ ಆರು ಚಾನೆಲ್ಲಿನ ಒಂದು ಸಿನಿಮಾ ಹಾಕಿಸಿ, ಆಂಪ್ಲಿಫೈಯರಿನ ಮುಖದ ಮೇಲೆ ಏನು ಬರುತ್ತದೆಂದು ಫೋಟೊ ತೆಗೆದು ನನಗೆ ಕಳಿಸಲಿ. ಹಿಂಬದಿಯದೂ ಒಂದಿರಲಿ, ಯಾವ ಯಾವ ತೂತಿದೆ ನೋಡಿ ಹೇಳುತ್ತೇನೆ.