ಮೋಪೆಡ್ಡಿನ ಬಲವು ಹಠಾತ್ತಾಗಿ ಕುಂದಿದಾಗ ಕಾರಣವನ್ನು ಕಂಡುಹಿಡಿಯುವ ಕ್ರಮ

ಉಡುಪಿಯ ಸಮೀಪದ ಕೆಮ್ಮಣ್ಣು ಮೊದಲಾದ ಸುವರ್ಣಾ ನದೀತೀರದ ಗ್ರಾಮಗಳಲ್ಲಿ ತೆಂಗಿನಕಾಯಿ, ಹುಲ್ಲು, ಹಿಂಡಿಯ ಚೀಲ ಇವುಗಳನ್ನು ಸಾಗಿಸುವುದಕ್ಕೆ ಸಣ್ಣ ಮೋಪೆಡ್ಡು ಬಹಳ ಉಪಯುಕ್ತವಾದ ವಾಹನವಾಗಿರುತ್ತದೆ. 1980ರಲ್ಲಿ ಟಿ.ವಿ.ಎಸ್. 50 ಹೊರಬಂದ ತರುವಾಯ ಈ ಜಾತಿಯ ಗಾಡಿಗಳು ಹಳ್ಳಿಗಳಲ್ಲಿ ಹರಡಿದವು. 2015ರಲ್ಲಿ ನಾಲ್ಕು ಸ್ಟ್ರೋಕಿನ ಎಕ್ಸ್.ಎಲ್. 100 ಬಂದಿತಾದರೂ, ಪೆಟ್ರೋಲಿಗೆ ಆಯಿಲು ಬೆರೆಸತಕ್ಕ 69.9 ಸಿ.ಸಿ.ಯ ಎಕ್ಸ್.ಎಲ್. ಸೂಪರ್ ಗಾಡಿಗಳು ಇನ್ನೂ ಉಪಯೋಗದಲ್ಲಿ ಉಂಟು. ಇಲ್ಲಿ ಹೇಳುವುದು ಮುಖ್ಯವಾಗಿ ಇವುಗಳ ವಿಷಯ.

ಗಾಡಿಯು ಹಠಾತ್ತಾಗಿ ಬಲಗುಂದಿ ಏರನ್ನು ಹತ್ತದೆಹೋದರೆ, ಪಿಸ್ಟನ್ನು ಸವೆಯಿತೆಂದು ಭಾವಿಸಿ ಬೋರು ಮಾಡಿಸಲು ಹಣ ವೆಚ್ಚಮಾಡುವವರಿದ್ದಾರೆ. ಇದು ಆತುರದ ಕೆಲಸ. ಪಿಸ್ಟನ್ನಿನ ಸವೆತವೂ, ಸೈಲೆನ್ಸರಿನಲ್ಲಿ ಮಸಿ ಕಟ್ಟುವುದೂ ತಿಂಗಳುಗಟ್ಟಲೆ ನಡೆಯುವಂಥವು. ಅವುಗಳಿಂದ ಬಲವು ಮೆಲ್ಲಮೆಲ್ಲನೆ ಇಳಿಯುವುದು. ನಿನ್ನೆ ಸಂತೆಕಟ್ಟೆಗೆ ಹೊರೆ ಹೊತ್ತುಹೋದ ಗಾಡಿ ಈ ದಿನ ಹೋಗದಿದ್ದರೆ ಕಾರಣವನ್ನು ಬೇರೆ ಕಡೆಯಲ್ಲಿ ಹುಡುಕತಕ್ಕದ್ದು.

ಮೊದಲು ಇಂಜಿನನ್ನು ನಿಲ್ಲಿಸಬೇಕು. ಬಲ ಸಾಲದೆಂದು ಆಕ್ಸಿಲರೇಟರನ್ನು ಇನ್ನಷ್ಟು ತಿರುವುವ ರೂಢಿಯು ಅಪಾಯಕರವಾದುದು. ಪೆಟ್ರೋಲು ಕಡಿಮೆಯಾಗಿ ಬರುತ್ತಿದ್ದರೆ ಅದರೊಡನೆ ಆಯಿಲೂ ಕಡಿಮೆಯಾಗುವುದರಿಂದ ಪಿಸ್ಟನ್ನು ಕಾದು ಸಿಲಿಂಡರಿನಲ್ಲಿ ಹಿಡಿದುಕೊಳ್ಳುವುದು. ಆಗ ಬೋರಿನ ವೆಚ್ಚವು ನಿಜವಾಗಿಯೇ ತಲೆಯ ಮೇಲೆ ಬೀಳುವುದು.

ಬಳಿಕ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ನೋಡಬೇಕು. ಬಿಗಿಯಾಗಿದ್ದರೆ ದೋಷವು ಬ್ರೇಕಿನದು. ಇಂಜಿನು ಗರ್ಜಿಸಿದರೂ ಗಾಡಿ ಮುಂದರಿಯದಿದ್ದರೆ ಕ್ಲಚ್ಚು ಜಾರುತ್ತಿದೆಯೆಂದು ತಿಳಿಯತಕ್ಕದ್ದು. ಇವೆರಡೂ ಅಲ್ಲವಾದರೆ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ, ಹೊರೆಯಿಲ್ಲದೆ ಸ್ವಲ್ಪ ದೂರ ಓಡಿಸಿ ನೋಡಬೇಕು. ಬಲವು ಮರಳಿದರೆ ಮುಚ್ಚಳದ ಗಾಳಿರಂಧ್ರವು ಕೆಸರಿನಿಂದಲೋ ಕೆಂಧೂಳಿನಿಂದಲೋ ಮುಚ್ಚಿರುವುದು. ಒಂದು ಸೂಜಿಯಿಂದ ತೀರುವ ಕೆಲಸವಿದು.

ಮಳೆಗಾಲದಲ್ಲಿ ಹೆಚ್ಚಾಗಿ ಸಂದೇಹಪಡತಕ್ಕದ್ದು ನೀರನ್ನು. 2025ರಲ್ಲಿ ನಮ್ಮ ದೇಶವು ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ತಲಪಿತು. ಎಥೆನಾಲಿಗೆ ನೀರನ್ನು ಸೆಳೆಯುವ ಗುಣವುಂಟು. ಅರ್ಧ ಟ್ಯಾಂಕು ಪೆಟ್ರೋಲಿನೊಡನೆ ಆಟಿ ತಿಂಗಳಿಡೀ ನಿಂತ ಗಾಡಿಯಲ್ಲಿ, ಅದರಲ್ಲಿಯೂ ಮುಚ್ಚಳದ ಸಂದಿನಿಂದ ಮಳೆನೀರು ಇಳಿದಿದ್ದರೆ, ನೀರೂ ಎಥೆನಾಲೂ ಕೂಡಿ ತಳಕ್ಕಿಳಿದು ಬೇರೆ ಪದರವಾಗುವುವು. ಕಾರ್ಬುರೇಟರಿಗೆ ಹೋಗುವುದು ತಳದ ಪದರವೇ. ಆಯಿಲಾದರೋ ಮೇಲಣ ಪೆಟ್ರೋಲಿನಲ್ಲಿಯೇ ಉಳಿಯುವುದು. ಇಂಜಿನಿಗೆ ಬಲವೂ ಇಲ್ಲ, ಜಿಡ್ಡೂ ಇಲ್ಲ. ಇಂಜಿನು ಆರಿದ ಮೇಲೆ, ಬೀಡಿ ದೀಪಗಳಿಂದ ದೂರದಲ್ಲಿ, ಕಾರ್ಬುರೇಟರಿನ ನಳಿಗೆಯನ್ನು ಕಳಚಿ ಒಂದು ಗಾಜಿನ ಸೀಸೆಗೆ ಪೆಟ್ರೋಲನ್ನು ಬಿಡಬೇಕು. ಧಾರೆಯು ತಡೆದು ತಡೆದು ಬಂದರೆ ಫಿಲ್ಟರು ಕಟ್ಟಿದೆ. ಕಾಲು ಗಂಟೆ ಅಲುಗಿಸದೆ ಇಟ್ಟಾಗ ತಳದಲ್ಲಿ ಬೇರೆ ಪದರವು ಕಂಡರೆ ಟ್ಯಾಂಕನ್ನೂ ಕಾರ್ಬುರೇಟರಿನ ಬಟ್ಟಲನ್ನೂ ಪೂರ್ಣವಾಗಿ ಬರಿದುಮಾಡತಕ್ಕದ್ದು. ಅದನ್ನು ಬಾವಿಯ ಬಳಿಯಲ್ಲಾಗಲಿ ಗದ್ದೆಯ ತೋಡಿಗಾಗಲಿ ಸುರಿಯಕೂಡದು.

ಪೆಟ್ರೋಲು ಶುದ್ಧವಾಗಿದ್ದರೆ ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಅದರ ಎರಡು ತುದಿಗಳ ನಡುವೆ ಮಸಿಯ ಎಳೆಯೊಂದು ಸೇತುವೆಯಂತೆ ನಿಂತರೆ ಕಿಡಿ ಹಾರದು. ಒದ್ದೆಯಾದ ಕಪ್ಪು ಪ್ಲಗ್ಗು ಪೆಟ್ರೋಲು ಹೆಚ್ಚಾದುದನ್ನೋ ಕಿಡಿ ದುರ್ಬಲವಾದುದನ್ನೋ ಸೂಚಿಸುವುದು. ಸುಣ್ಣದಂತೆ ಬಿಳಿಚಿದ್ದರೆ ಜೆಟ್ಟು ಕಟ್ಟಿದೆಯೋ ಎಲ್ಲಿಯಾದರೂ ಗಾಳಿ ಸೋರುತ್ತಿದೆಯೋ ಎಂದು ಪರೀಕ್ಷಿಸಬೇಕು. ಮಳೆಯಲ್ಲಿ ನೆನೆದ ಏರ್ ಫಿಲ್ಟರನ್ನೂ, ಬಹುದಿನ ನಿಂತ ಗಾಡಿಯಾದರೆ ಸೈಲೆನ್ಸರಿನ ಬಾಯಲ್ಲಿ ಕಣಜವು ಮಣ್ಣಿನ ಗೂಡು ಕಟ್ಟಿದೆಯೇ ಎಂಬುದನ್ನೂ ನೋಡುವುದೊಳ್ಳೆಯದು.

2020ರಿಂದೀಚೆಗೆ ಬಂದ ಎಕ್ಸ್.ಎಲ್. 100 ಗಾಡಿಗಳಲ್ಲಿ ಕಾರ್ಬುರೇಟರಿಲ್ಲ. ಪೆಟ್ರೋಲನ್ನು ಚಿಮ್ಮಿಸುವ ಉಪಕರಣವಿರುತ್ತದೆ. ಅವುಗಳ ಚಕ್ರ, ಪ್ಲಗ್ಗು, ಏರ್ ಫಿಲ್ಟರುಗಳನ್ನು ಮನೆಯಲ್ಲಿ ನೋಡಿಕೊಂಡು, ಉಳಿದುದನ್ನು ಪರೀಕ್ಷಾಯಂತ್ರವುಳ್ಳ ಕಾರ್ಯಾಗಾರಕ್ಕೆ ಬಿಡತಕ್ಕದ್ದು.