ಒಂದೇ ಹೆಸರು, ಹಲವು ರೂಪ

ಮಕ್ಕಳೇ, ನಮ್ಮ ಕಂಗ್ಟಿಯು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿದೆ. 2016ಕ್ಕೆ ಮೊದಲು ಇದು ಮೆದಕ್ ಜಿಲ್ಲೆಗೆ ಸೇರಿತ್ತು. ಕರ್ನಾಟಕದ ಬೀದರ ಜಿಲ್ಲೆ ಇಲ್ಲಿಗೆ ಹತ್ತಿರ. ಸಂತೆಗೆ ಹೋದರೆ ಕನ್ನಡ, ತೆಲುಗು, ಮರಾಠಿ, ಉರ್ದು ಎಲ್ಲವೂ ಕಿವಿಗೆ ಬೀಳುತ್ತವೆ. ಜನರ ಹೆಸರುಗಳೂ ಹಾಗೆಯೇ ಬಗೆಬಗೆಯಾಗಿವೆ.

ನಿಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಯೂಸುಫ್ ಎಂಬ ಹೆಸರು ಇರಬಹುದು. ಯೋಸೇಪು ಎಂಬ ಹೆಸರೂ ಇರಬಹುದು. ಒಬ್ಬನು ಮಸೀದಿಗೆ ಹೋಗುವವನು, ಇನ್ನೊಬ್ಬನು ಚರ್ಚಿಗೆ ಹೋಗುವವನು. ಇವು ಬೇರೆ ಬೇರೆ ಹೆಸರುಗಳೆಂದು ನೀವು ತಿಳಿದಿದ್ದೀರಾ? ಅಲ್ಲ, ಎರಡೂ ಒಂದೇ ಹೆಸರು!

ಈ ಹೆಸರು ಹೀಬ್ರೂ ಭಾಷೆಯದು. ಹೀಬ್ರೂ ಯೆಹೂದಿ ಜನರ ಪ್ರಾಚೀನ ಭಾಷೆ. ಉರ್ದುವಿನಂತೆ ಅದನ್ನೂ ಬಲದಿಂದ ಎಡಕ್ಕೆ ಬರೆಯುತ್ತಾರೆ. ಅದರಲ್ಲಿ ಈ ಹೆಸರು 'ಯೋಸೆಫ್'. 'ಇನ್ನೂ ಕೂಡಿಸಲಿ' ಎಂದು ಇದರ ಅರ್ಥ. ನೀವು ಲೆಕ್ಕದಲ್ಲಿ ಕೂಡುತ್ತೀರಲ್ಲ, ಅದೇ ಕೂಡುವುದು.

ಇಂಥ ಹೆಸರು ಏಕೆ ಬಂತು? ಬೈಬಲಿನ ಆದಿಕಾಂಡದಲ್ಲಿ ಇದರ ಕಥೆಯಿದೆ. ಯಾಕೋಬನ ಹೆಂಡತಿ ರಾಹೇಲಳಿಗೆ ಬಹುಕಾಲ ಮಕ್ಕಳಿರಲಿಲ್ಲ. ಕೊನೆಗೆ ಒಂದು ಗಂಡು ಮಗು ಹುಟ್ಟಿತು. ದೇವರು ಇನ್ನೊಂದು ಮಗುವನ್ನು ಕೂಡಿಸಲಿ ಎಂದು ಬೇಡಿ ಆಕೆ ಅದಕ್ಕೆ ಯೋಸೇಫ ಎಂದು ಹೆಸರಿಟ್ಟಳು. ಬೇಡಿಕೆ ನೆರವೇರಿತು. ಬೆನ್ಯಾಮೀನನು ಹುಟ್ಟಿದನು. ಆದರೆ ಆ ಹೆರಿಗೆಯಲ್ಲಿಯೇ ರಾಹೇಲಳು ತೀರಿಕೊಂಡಳು.

ನಮ್ಮಲ್ಲಿಯೂ ಹೀಗೆ ಮನಸ್ಸಿನ ಆಸೆಯನ್ನೇ ಹೆಸರಾಗಿ ಇಡುವುದುಂಟು. ಹುಟ್ಟಿದ ಮಕ್ಕಳು ಉಳಿಯದಿದ್ದರೆ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ ಎನ್ನುತ್ತಿದ್ದರು. ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿದರೆ 'ಇನ್ನು ಸಾಕು' ಎಂದು ಸಾಕವ್ವ ಎನ್ನುತ್ತಿದ್ದರು. ಅಲ್ಲಿ 'ಇನ್ನೂ ಬೇಕು', ಇಲ್ಲಿ 'ಇನ್ನು ಸಾಕು'! ಆ ಹುಡುಗಿಯನ್ನು ಜೀವನವಿಡೀ ಹಾಗೆ ಕರೆಯುವುದು ಸರಿಯೇ? ಯೋಚಿಸಿರಿ.

ಯೋಸೇಫನನ್ನು ಅವನ ಅಣ್ಣಂದಿರು ಹೊಟ್ಟೆಕಿಚ್ಚಿನಿಂದ ಬಾವಿಗೆ ಹಾಕಿದರು. ಅವನು ವ್ಯಾಪಾರಿಗಳ ಕೈಸೇರಿ ಈಜಿಪ್ಟಿನಲ್ಲಿ ಗುಲಾಮನಾದನು. ಅಲ್ಲಿನ ರಾಜನಿಗೆ ಒಂದು ಕನಸು ಬಿತ್ತು. ಏಳು ಬಡಕಲು ಹಸುಗಳು ಏಳು ಕೊಬ್ಬಿದ ಹಸುಗಳನ್ನು ತಿಂದವು. "ಏಳು ವರ್ಷ ಸುಗ್ಗಿ, ಆಮೇಲೆ ಏಳು ವರ್ಷ ಬರ" ಎಂದು ಯೋಸೇಫನು ಅರ್ಥ ಹೇಳಿದನು. ಸುಗ್ಗಿಯಲ್ಲಿ ಧಾನ್ಯ ಕೂಡಿಡಿಸಿದನು. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರಲ್ಲ, ಹಾಗೆ. ಬರ ಬಂದಾಗ ಅದೇ ಅಣ್ಣಂದಿರು ಕಾಳು ಕೇಳಲು ಬಂದರು. ಅವನು ಅವರನ್ನು ಕ್ಷಮಿಸಿದನು. ಕುರಾನಿನ 12ನೆಯ ಅಧ್ಯಾಯದಲ್ಲಿಯೂ ಈ ಕಥೆಯಿದೆ. ಆ ಅಧ್ಯಾಯದ ಹೆಸರೇ 'ಯೂಸುಫ್'.

ಹೆಸರು ಊರೂರು ಸುತ್ತಿತು. ಅರಬ್ಬಿಯಲ್ಲಿ ಯೂಸುಫ್, ಇಂಗ್ಲಿಷಿನಲ್ಲಿ ಜೋಸೆಫ್, ತೆಲುಗಿನಲ್ಲಿ ಯೋಸೇಪು ಆಯಿತು. ಮಂಗಳೂರಿನ ಕೊಂಕಣಿ ಕ್ರೈಸ್ತರು ಜುಜೆ ಎನ್ನುತ್ತಾರೆ. ಕೇರಳದಲ್ಲಿ ಔಸೇಪ್ಪ್ ಎಂದೂ ಕರೆಯುತ್ತಾರೆ. 1490ರಲ್ಲಿ ಬಿಜಾಪುರದ ಆದಿಲ್‌ಶಾಹಿ ರಾಜ್ಯವನ್ನು ಕಟ್ಟಿದವನ ಹೆಸರು ಯೂಸುಫ್ ಆದಿಲ್ ಶಾಹ. ಅವನ ಮಗ ಇಸ್ಮಾಯಿಲ್. 'ದೇವರು ಕೇಳುತ್ತಾನೆ' ಎಂಬ ಅರ್ಥದ ಆ ಹೆಸರಿನ ಮೂಲವೂ ಹೀಬ್ರೂ ಭಾಷೆಯಲ್ಲಿದೆ.

ಅಭ್ಯಾಸ

1. ರಾಹೇಲಳು ಮಗನಿಗೆ ಯೋಸೇಫ ಎಂದು ಏಕೆ ಹೆಸರಿಟ್ಟಳು?
2. ನಿಮ್ಮ ಹೆಸರನ್ನು ಯಾರು ಇಟ್ಟರು, ಏಕೆ ಇಟ್ಟರು? ಮನೆಯ ಹಿರಿಯರನ್ನು ಕೇಳಿ ಬರೆಯಿರಿ.